ಶಾಲೆಗೆ ರಜೆ, ಕಾಗದಪತ್ರಕ್ಕಲ್ಲ

ಹೊರದೇಶದ ಶಾಲೆಗಳಲ್ಲಿ ಪಾಠ ಹೇಳುವ ಓದುಗರಿಂದ ಬೇಸಿಗೆ ರಜೆಯ ಬಗ್ಗೆ ಈ ಸಲ ಬಹಳ ಪ್ರಶ್ನೆ ಬಂದಿವೆ. ಒಂದೇ ಥರದವನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಜೂನ್ 20ಕ್ಕೆ ಶಾಲೆ ಮುಗಿಯುತ್ತದೆ. ಆರು ವಾರ ಯುರೋಪ್ ಸುತ್ತುವ ಆಸೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾಕ್ಕೆ ಕೆಲಸದ ದೇಶದಿಂದಲೇ ಅರ್ಜಿ ಹಾಕಬಹುದೇ? ಯಾವಾಗ ಹಾಕಬೇಕು? ನನ್ನ ರೆಸಿಡೆನ್ಸ್ ಪರ್ಮಿಟ್ ಆಗಸ್ಟ್ ಕೊನೆಗೆ ಮುಗಿಯುತ್ತದೆ.

ನಿಮ್ಮ ಕೊನೆಯ ಮಾತಿನಲ್ಲೇ ತೊಡಕಿದೆ. ಕಾನೂನುಬದ್ಧವಾಗಿ ವಾಸವಾಗಿರುವ ದೇಶದಿಂದಲೇ ಅರ್ಜಿ ಹಾಕಬಹುದು, ಹಾಗೇ ಹಾಕಬೇಕು ಕೂಡ. ಆದರೆ ಪ್ರವಾಸ ಮುಗಿಸಿ ನೀವು ಅಲ್ಲಿಗೆ ಮರಳುತ್ತೀರಿ ಎಂಬ ನಂಬಿಕೆ ಕಾನ್ಸುಲೇಟಿಗೆ ಬರಬೇಕಲ್ಲ? ಸಾಮಾನ್ಯವಾಗಿ ವಾಪಸಾದ ಮೇಲೂ ಮೂರು ತಿಂಗಳು ಪರ್ಮಿಟ್ ಉಳಿದಿರಬೇಕು ಎನ್ನುತ್ತಾರೆ. ನಿಮ್ಮದು ಹೆಚ್ಚೆಂದರೆ ಒಂದು ತಿಂಗಳು ಉಳಿಯುತ್ತದೆ. ಆದ್ದರಿಂದ ಮೊದಲು ಪರ್ಮಿಟ್ ನವೀಕರಿಸಿ, ಆಮೇಲೆ ವೀಸಾ ನೋಡಿ. ನವೀಕರಣಕ್ಕೂ ಪಾಸ್‌ಪೋರ್ಟ್ ಬೇಕು, ವೀಸಾಕ್ಕೂ ಪಾಸ್‌ಪೋರ್ಟ್ ಬೇಕು. ಇರುವುದು ಒಂದೇ. ಏಪ್ರಿಲಿನಲ್ಲಿ ಎರಡನ್ನೂ ಒಟ್ಟಿಗೆ ಮಾಡಹೊರಟವರು ಜೂನ್‌ವರೆಗೆ ಎರಡು ಕಚೇರಿಗಳ ನಡುವೆ ಓಡಾಡುತ್ತಾರೆ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಿಡಿದು 15 ದಿನ ಮುಂಚಿನವರೆಗೆ ಸಲ್ಲಿಸಬಹುದು. ತೀರ್ಮಾನಕ್ಕೆ 15 ದಿನ ಎಂದು ನಿಯಮವಿದೆ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಕ್ಕೂ ಎಳೆಯಬಹುದು. ಅದಕ್ಕಿಂತ ಕಷ್ಟದ್ದು ಅಪಾಯಿಂಟ್‌ಮೆಂಟ್ ಸಿಗುವುದು. ಬೇಸಿಗೆಗೆ ಹೊರಡುವವರೆಲ್ಲ ಏಪ್ರಿಲ್‌ನಿಂದ ಜೂನ್ ಒಳಗೇ ಮುಗಿಬೀಳುತ್ತಾರೆ. ಫೆಬ್ರವರಿಯಲ್ಲಿ ಪರ್ಮಿಟ್, ಮಾರ್ಚ್ ಕೊನೆಗೆ ವೀಸಾ ಅಪಾಯಿಂಟ್‌ಮೆಂಟ್ ಎಂದಿಟ್ಟುಕೊಳ್ಳಿ. ಹೆಚ್ಚು ದಿನ ಉಳಿಯುವ ದೇಶದ ಕಾನ್ಸುಲೇಟಿಗೇ ಅರ್ಜಿ ಹೋಗಬೇಕು. ಎಲ್ಲೆಡೆ ಸಮ ದಿನಗಳಾದರೆ ಮೊದಲು ಕಾಲಿಡುವ ದೇಶದ್ದಕ್ಕೆ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಡುವ ದಿನದಿಂದ ಇನ್ನೂ ಮೂರು ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋದ್ದು, ಷೆಂಗೆನ್‌ನ ಎಲ್ಲ ದೇಶಗಳಿಗೂ ಅನ್ವಯಿಸುವಂಥದ್ದು.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಶಾಲೆಯ ಪತ್ರದಲ್ಲಿ. 'ಇವರು ನಮ್ಮಲ್ಲಿ ಶಿಕ್ಷಕರು, ಪ್ರವಾಸಕ್ಕೆ ನಮ್ಮ ಅಭ್ಯಂತರವಿಲ್ಲ' ಎಂಬ ಎರಡು ಸಾಲು ಸಾಲದು. ಹುದ್ದೆ, ಕೆಲಸಕ್ಕೆ ಸೇರಿದ ದಿನಾಂಕ, ಸಂಬಳ, ರಜೆಯ ಆರಂಭ ಮತ್ತು ಕೊನೆ, ಮತ್ತೆ ಕೆಲಸಕ್ಕೆ ಹಾಜರಾಗುವ ದಿನ ಇಷ್ಟೂ ಬರಬೇಕು. ಆ ಕೊನೆಯ ದಿನಾಂಕವೇ ನೀವು ಮರಳುತ್ತೀರಿ ಎನ್ನುವುದಕ್ಕೆ ಗಟ್ಟಿ ಸಾಕ್ಷಿ, ಎಚ್‌ಆರ್‌ನವರು ಮರೆಯುವುದೂ ಅದನ್ನೇ. ಪತ್ರದಲ್ಲಿರುವ ಹೆಸರಿನ ಅಕ್ಷರಗಳನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿ.

ಪ್ರಶ್ನೆ: 180 ದಿನಗಳಲ್ಲಿ 90 ದಿನ ಎಂಬ ಲೆಕ್ಕ ತಲೆಗೆ ಹತ್ತುತ್ತಿಲ್ಲ. ನಡುವೆ ಹೊರಗೆ ಹೋಗಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆಯೇ?

ಇಲ್ಲ. ಷೆಂಗೆನ್ ಒಳಗಿರುವ ಪ್ರತಿ ದಿನವೂ ಹಿಂದಿರುಗಿ ನೋಡಬೇಕು: ಇವತ್ತನ್ನೂ ಸೇರಿಸಿ ಕಳೆದ 180 ದಿನಗಳಲ್ಲಿ ಎಷ್ಟು ದಿನ ಒಳಗಿದ್ದೆ? ಆ ಸಂಖ್ಯೆ 90 ದಾಟಬಾರದು. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ.

ಉದಾಹರಣೆಗೆ ವಸಂತದ ರಜೆಯಲ್ಲಿ ಮಾರ್ಚ್ 28ರಿಂದ ಏಪ್ರಿಲ್ 12ರವರೆಗೆ ಹೋಗಿದ್ದಿರಿ, 16 ದಿನ. ಮತ್ತೆ ಜೂನ್ 20ರಿಂದ ಆಗಸ್ಟ್ 25ರವರೆಗೆ 67 ದಿನ. ಆಗಸ್ಟ್ 25ರಿಂದ 180 ದಿನ ಹಿಂದೆ ಹೋದರೆ ಫೆಬ್ರವರಿ 27 ಬರುತ್ತದೆ, ಅಂದರೆ ಎರಡೂ ಪ್ರವಾಸ ಒಳಗೇ ಬಿದ್ದವು. ಒಟ್ಟು 83, ಬಚಾವ್. ಅದೇ ಜೂನ್ 10ಕ್ಕೇ ಹೊರಟಿದ್ದರೆ 93 ಆಗಿ, ಕೊನೆಯ ಮೂರು ದಿನ ಅಕ್ರಮ ವಾಸ. ಪಾಸ್‌ಪೋರ್ಟಿನ ಮುದ್ರೆ ಯಾರು ಎಣಿಸುತ್ತಾರೆ ಎನ್ನುವ ಕಾಲವೂ ಹೋಯಿತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಎಂಟ್ರಿ-ಎಕ್ಸಿಟ್ ವ್ಯವಸ್ಥೆಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರದ ಜೊತೆ ದಿನಾಂಕಗಳೂ ಕಂಪ್ಯೂಟರಿಗೆ ಹೋಗುತ್ತವೆ.

ಇದೆಲ್ಲ ನಿಮ್ಮ ವೀಸಾ 90 ದಿನದ್ದಾದರೆ ಮಾತ್ರ. ಸ್ಟಿಕ್ಕರಿನಲ್ಲಿ ಮೂರು ಕಡೆ ಕಣ್ಣಾಡಿಸಿ. 'ಇಂಥ ದಿನದಿಂದ ಇಂಥ ದಿನದವರೆಗೆ' ಎನ್ನುವುದು ವೀಸಾ ಬಳಸಬಹುದಾದ ಅವಧಿ. ಅದರ ಕೆಳಗಿನ ದಿನಗಳ ಸಂಖ್ಯೆಯೇ ನೀವು ಇರಬಹುದಾದ ದಿನ, ಅದು 45 ಎಂದಿದ್ದರೆ 45 ಅಷ್ಟೇ. ಮೂರನೆಯದು ಎಷ್ಟು ಸಲ ಒಳಬರಬಹುದು ಎಂಬುದು. ಅಲ್ಲಿ 'ಮಲ್ಟ್' (ಹಲವು ಸಲ) ಇಲ್ಲದೆ 01 ಇದ್ದರೆ, ನಡುವೆ ಲಂಡನ್ನಿಗೋ ಸರ್ಬಿಯಾಕ್ಕೋ ಹೋದವರು ಮತ್ತೆ ಒಳಬರುವಂತಿಲ್ಲ. ಕ್ರೊಯೇಷಿಯಾ, ರೊಮೇನಿಯಾಗಳಲ್ಲಿ ಕಳೆದ ದಿನ ಲೆಕ್ಕಕ್ಕಿಲ್ಲ ಎನ್ನುವ ಹಳೆಯ ಸಲಹೆಯನ್ನು ನಂಬಬೇಡಿ. ಕ್ರೊಯೇಷಿಯಾ 2023ರ ಜನವರಿಯಲ್ಲೂ ರೊಮೇನಿಯಾ, ಬಲ್ಗೇರಿಯಾ 2025ರ ಜನವರಿಯಲ್ಲೂ ಪೂರ್ತಿಯಾಗಿ ಷೆಂಗೆನ್ ಸೇರಿವೆ.

ಪ್ರಶ್ನೆ: ಜೂನ್ 30ಕ್ಕೆ ಕಾಂಟ್ರಾಕ್ಟ್ ಮುಗಿಯುತ್ತದೆ. ಆಗಸ್ಟ್ 20ಕ್ಕೆ ಇನ್ನೊಂದು ದೇಶದಲ್ಲಿ ಹೊಸ ಕೆಲಸ. ನಡುವಿನ ಏಳು ವಾರ ಊರೂರು ಸುತ್ತಿ ಸೀದಾ ಅಲ್ಲಿಗೆ ಹೋಗಬಹುದೇ?

ಹೋಗಬಹುದು, ಆದರೆ ಹೊಸ ದೇಶದ ಕೆಲಸದ ವೀಸಾ ಎಲ್ಲಿ ಕೊಡುತ್ತಾರೆ ಎಂದು ಮೊದಲು ಕೇಳಿಕೊಳ್ಳಿ. ಬಹಳಷ್ಟು ದೇಶಗಳು ಅದನ್ನು ನಿಮ್ಮ ಪೌರತ್ವದ ದೇಶದಲ್ಲೋ ನೀವು ವಾಸವಾಗಿರುವ ದೇಶದಲ್ಲೋ ಮಾತ್ರ ಕೊಡುತ್ತವೆ. ಹಳೆಯ ಪರ್ಮಿಟ್ ರದ್ದಾದ ಮಾರನೆಯ ದಿನ ನೀವು ಎಲ್ಲಿಯ ವಾಸಿಯೂ ಅಲ್ಲ. ಹಾಗಾಗಿ ಏಳು ವಾರದಲ್ಲಿ ಎರಡು-ಮೂರು ವಾರವಾದರೂ ಪಾಸ್‌ಪೋರ್ಟ್ ಯಾವುದೋ ರಾಯಭಾರ ಕಚೇರಿಯಲ್ಲಿರುತ್ತದೆ ಎಂದು ಲೆಕ್ಕ ಹಿಡಿದು, ಆ ವಾರಗಳನ್ನು ಒಂದೇ ಕಡೆ ಕಳೆಯಿರಿ.

ಹೊರಡುವ ಮುಂಚೆ ಕೈಗೆ ಬರಲೇಬೇಕಾದದ್ದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಗುರುತಿನ ಚೀಟಿ ಚಾಲ್ತಿಯಲ್ಲಿರುವಾಗ, ಬೆರಳಚ್ಚು ಕೊಡಲು ಖುದ್ದಾಗಿ ಹೋಗಬಲ್ಲಾಗ ಅದು ಸುಲಭ. ದೇಶ ಬಿಟ್ಟ ಮೇಲೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೆ ತೀರಾ ಬೇಗ ತೆಗೆಸಿದರೂ ಕಷ್ಟ. ಕೆಲವರು ಆರು ತಿಂಗಳು ಹಳೆಯದನ್ನು ಒಪ್ಪುತ್ತಾರೆ, ಕೆಲವರು ಮೂರೇ ತಿಂಗಳು. ಮೇ ಮೊದಲ ವಾರದ ಸರ್ಟಿಫಿಕೇಟ್ ಆಗಸ್ಟ್ 20ಕ್ಕೆ ಮೂರು ತಿಂಗಳು ದಾಟಿರುತ್ತದೆ. ಜೂನ್ ಮಧ್ಯದಲ್ಲಿ ಕೈಸೇರುವಂತೆ ಅರ್ಜಿ ಹಾಕುವುದು ವಾಸಿ.

ಡಿಗ್ರಿ ಸರ್ಟಿಫಿಕೇಟಿಗೆ ಅಪೊಸ್ಟೀಲ್ (ದಾಖಲೆಯ ಸಹಿ, ಮೊಹರು ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ ಮುದ್ರೆ) ಹಾಕಿಸುವುದು ಡಿಗ್ರಿ ಕೊಟ್ಟ ದೇಶದಲ್ಲಿ, ನೀವು ಕೆಲಸ ಮಾಡುತ್ತಿರುವ ದೇಶದಲ್ಲಲ್ಲ. ಒಂದು ದೇಶದ ಡಿಗ್ರಿ, ಇನ್ನೊಂದು ದೇಶದ ಪೊಲೀಸ್ ಸರ್ಟಿಫಿಕೇಟ್ ಇದ್ದರೆ ಎರಡನ್ನೂ ಆಯಾ ದೇಶದಲ್ಲೇ ಮಾಡಿಸಬೇಕು. ಎರಡೂ ಕಡೆಯ ದೇಶಗಳು 1961ರ ಹೇಗ್ ಒಪ್ಪಂದದಲ್ಲಿದ್ದು, ಒಂದರ ಸೇರ್ಪಡೆಗೆ ಇನ್ನೊಂದು ಆಕ್ಷೇಪ ಎತ್ತಿರದಿದ್ದರೆ ಅಪೊಸ್ಟೀಲ್ ಒಂದೇ ಸಾಕು, ಇಲ್ಲವಾದರೆ ವಿದೇಶಾಂಗ ಇಲಾಖೆ, ರಾಯಭಾರ ಕಚೇರಿ ಎಂದು ಮೆಟ್ಟಿಲು ಹತ್ತಬೇಕು. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್ 7ರಿಂದಲೂ ಚೀನಾದಲ್ಲಿ 2023ರ ನವೆಂಬರ್ 7ರಿಂದಲೂ ಒಪ್ಪಂದ ಜಾರಿಯಲ್ಲಿದೆ. ಅಲ್ಲಿಗೆ ಹೋಗುವವರು ಅದಕ್ಕೂ ಹಿಂದಿನ ಸಹೋದ್ಯೋಗಿಗಳ ಸಲಹೆ ಕೇಳಿ ಸುಮ್ಮನೆ ಎರಡೆರಡು ಕೆಲಸ ಮಾಡುವುದು ಬೇಡ.

ಅನುಭವ ಪತ್ರವನ್ನು ಜೂನ್‌ನಲ್ಲೇ ಪಡೆಯಿರಿ. ಕಲಿಸಿದ ವಿಷಯ, ತರಗತಿ, ದಿನಾಂಕಗಳು, ಪೂರ್ಣಾವಧಿ ಎಂಬ ಮಾತು, ಮುಖ್ಯಸ್ಥರ ಸಹಿ, ಮೊಹರು ಎಲ್ಲ ಇರಲಿ. ಜುಲೈನಲ್ಲಿ ಶಾಲೆಯ ಕಚೇರಿಗೆ ಫೋನ್ ಮಾಡಿದರೆ ಕಾವಲುಗಾರ ಬಿಟ್ಟು ಯಾರೂ ಎತ್ತುವುದಿಲ್ಲ. ಶಾಲೆಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುತ್ತದೆ. ನಡುವಿನ ದಿನಗಳಿಗೆ ಪ್ರವಾಸ ವಿಮೆ ಕೊಳ್ಳುವಾಗ 'ಒನ್ ವೇ' ಪಾಲಿಸಿ ಎಂದೇ ಕೇಳಿ. ಎಷ್ಟೋ ಪಾಲಿಸಿಗಳು ಹೊರಟಲ್ಲಿಗೇ ಮರಳುವವರಿಗಾಗಿ ಬರೆದಿರುತ್ತವೆ, ಕ್ಲೇಮ್ ಮಾಡಿದಾಗ ತಕರಾರು ಏಳುವುದು ಅಲ್ಲೇ. ಇನ್ನೊಂದು, ಅಂತಿಮ ಲೆಕ್ಕದ ಹಣ ಬಂದು ಅದನ್ನು ಬೇರೆ ಖಾತೆಗೆ ಕಳಿಸುವವರೆಗೆ ಹಳೆಯ ಸಿಮ್ ರದ್ದು ಮಾಡಬೇಡಿ. ಒಟಿಪಿ ಬರುವುದು ಅದಕ್ಕೇ.

ಪ್ರಶ್ನೆ: ಒಂಬತ್ತು ವಾರ ಮನೆ ಮುಚ್ಚಿ ಹೋಗುತ್ತೇವೆ. ಹೋದ ವರ್ಷ ಬಂದು ನೋಡಿದರೆ ಬಾತ್‌ರೂಮಿನಿಂದ ದುರ್ನಾತ, ಚಪ್ಪಲಿಗೆಲ್ಲ ಬೂಷ್ಟು.

ದುರ್ನಾತ ಬಂದದ್ದು ಡ್ರೈನಿನಿಂದ. ಸಿಂಕ್, ಶವರ್, ನೆಲದ ಜಾಲರಿ ಇವುಗಳ ಕೆಳಗೆ ಬಾಗಿದ ಪೈಪಿನಲ್ಲಿ ಒಂದಿಷ್ಟು ನೀರು ಸದಾ ನಿಂತಿರುತ್ತದೆ, ಚರಂಡಿ ಗಾಳಿಗೆ ಅದೇ ಬಾಗಿಲು. ಸೆಕೆಯಲ್ಲಿ ವಾರಗಟ್ಟಲೆ ಬಿಟ್ಟರೆ ಆ ನೀರು ಆವಿಯಾಗಿ ಬಾಗಿಲು ತೆರೆದಂತಾಗುತ್ತದೆ. ವಾಸನೆಯ ಹಿಂದೆ ಜಿರಲೆಯೂ ಬರುತ್ತದೆ. ಹೊರಡುವ ದಿನ ಒಂದೊಂದು ಡ್ರೈನಿಗೂ ಒಂದು ಲೀಟರ್ ನೀರು ಹೊಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿಕೊಂಡು ನೀರು ಆರದಂತೆ ತಡೆಯುತ್ತದೆ. ಉಪಯೋಗಿಸದ ಕೋಣೆಯ ಮೂಲೆಯ ಜಾಲರಿಯನ್ನು ಮರೆಯಬೇಡಿ, ಮೊದಲು ಒಣಗುವುದು ಅದೇ.

ಬೂಷ್ಟಿಗೆ ಬೇಕಾದ್ದು ತೇವ ಮತ್ತು ನಿಂತ ಗಾಳಿ. ಚರ್ಮದ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಅದಕ್ಕೆ ಮನೆ ಕಟ್ಟಿಕೊಟ್ಟಂತೆ. ಒರೆಸಿ ಒಣಗಿಸಿ, ಒಳಗೆ ಹಳೆಯ ಪತ್ರಿಕೆ ತುರುಕಿ ತೆರೆದಿಡಿ. ಬೀರುವಿನ ಬಾಗಿಲು, ವಾಷಿಂಗ್ ಮಷೀನಿನ ಬಾಗಿಲು, ಸೋಪಿನಪುಡಿಯ ಖಾನೆ ಎಲ್ಲ ತೆರೆದಿರಲಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಎಳೆಯಿರಿ. ಫ್ರಿಜ್ ಖಾಲಿ ಮಾಡಿ, ಐಸ್ ಕರಗಿಸಿ, ಒಣಬಟ್ಟೆಯಲ್ಲಿ ಒರೆಸಿ, ಬಾಗಿಲ ಸಂದಿಗೆ ಟವೆಲ್ ಮಡಚಿಟ್ಟು ಆರಿಸಿ ಹೋಗಿ. ಎ.ಸಿ.ಯನ್ನು ಒಂಬತ್ತು ವಾರ ಹಾಗೇ ಓಡಲು ಬಿಡುವುದನ್ನು ನಾವು ಒಪ್ಪುವುದಿಲ್ಲ. ಅದರ ನೀರಿನ ಪೈಪು ಕಟ್ಟಿಕೊಂಡರೆ ನೀರು ನೆಲಕ್ಕೆ ಇಳಿಯುತ್ತದೆ, ನೋಡುವವರು ಇರುವುದಿಲ್ಲ. ಬದಲಿಗೆ ಹತ್ತು-ಹದಿನೈದು ದಿನಕ್ಕೊಮ್ಮೆ ಬಂದು ಕಿಟಕಿ ತೆರೆಯುವವರೊಬ್ಬರನ್ನು ಗೊತ್ತು ಮಾಡಿ. ಗೃಹವಿಮೆ ಇದ್ದರೆ, ಮನೆ ಎಷ್ಟು ದಿನ ಖಾಲಿ ಇರಬಹುದು ಎಂಬ ಷರತ್ತನ್ನೂ ಓದಿಕೊಳ್ಳಿ.

ಮರಳಿದ ದಿನ ಸೀದಾ ಶವರ್ ಕೆಳಗೆ ನಿಲ್ಲಬೇಡಿ. 20ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಶ್ವಾಸಕೋಶಕ್ಕೆ ಹೋಗುವುದು ಕುಡಿದಾಗಲ್ಲ, ಹನಿಗಳನ್ನು ಉಸಿರಾಡಿದಾಗ. ಮೊದಲು ಗೀಸರನ್ನು 60 ಡಿಗ್ರಿಗೆ ಕಾಯಿಸಿ. ಶವರ್ ತಲೆಯನ್ನು ಬಕೆಟ್ ತಳಕ್ಕೆ ಮುಟ್ಟಿಸಿ ಹಿಡಿದು, ತುಂತುರು ಏಳದಂತೆ ಬಿಸಿನೀರು, ತಣ್ಣೀರು ಎರಡನ್ನೂ ಕೆಲವು ನಿಮಿಷ ಹರಿಯಬಿಡಿ.

ಪ್ರಶ್ನೆ: ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಒಂದೇ ಟಿಕೆಟ್ಟಿಗಿಂತ ಅಗ್ಗ. ತಪ್ಪೇನಿದೆ?

ಮೊದಲ ವಿಮಾನ ತಡವಾದರೆ ಎರಡನೆಯದು ನಿಮ್ಮ ತಲೆನೋವು, ಕಂಪನಿಯದ್ದಲ್ಲ. ಬ್ಯಾಗು ಕೊನೆಯವರೆಗೆ ಹೋಗದಿದ್ದರೆ ನಡುವೆ ಇಮಿಗ್ರೇಷನ್ ದಾಟಿ ಅದನ್ನು ಎತ್ತಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಕೈಚೀಲ ಮಾತ್ರ ಇದ್ದು ನಡುವೆ ಒಂದು ರಾತ್ರಿ ಇಟ್ಟುಕೊಳ್ಳುವವರಾದರೆ ಧಾರಾಳವಾಗಿ ಕೊಳ್ಳಿ. ಶಾಲೆ ಕೊಟ್ಟ ಹೋಗಿಬರುವ ಟಿಕೆಟ್ಟಿನಲ್ಲಿ ಹೋಗುವ ವಿಮಾನ ಬಿಟ್ಟು ಬರುವುದನ್ನಷ್ಟೇ ಬಳಸುವ ಯೋಚನೆ ಮಾತ್ರ ಬೇಡ. ಮೊದಲ ಹಂತಕ್ಕೆ ಹಾಜರಾಗದಿದ್ದರೆ ಉಳಿದದ್ದನ್ನು ಹೆಚ್ಚಿನ ಕಂಪನಿಗಳು ತಾವೇ ರದ್ದು ಮಾಡುತ್ತವೆ.

ಪ್ರಶ್ನೆ: ಕೀನ್ಯಾ ಸಫಾರಿಗೆ ಹೋಗಿ ಬರುವಾಗ ಹಳದಿ ಜ್ವರದ ಕಾರ್ಡ್ ಕೇಳುತ್ತಾರಂತೆ. ಹಳೆಯದಿದೆ, ಹತ್ತು ವರ್ಷ ದಾಟಿದೆ.

ನಡೆಯುತ್ತದೆ. 2016ರ ಜುಲೈ 11ರಿಂದ ಆ ಸರ್ಟಿಫಿಕೇಟ್ ಜೀವನಪೂರ್ತಿ ಸಿಂಧು, ಅದರ ಮೇಲೆ ಹತ್ತು ವರ್ಷ ಎಂದು ಬರೆದಿದ್ದರೂ. ಹೊಸದಾಗಿ ಹಾಕಿಸಿಕೊಳ್ಳುವವರಿಗೆ ಚುಚ್ಚಿದ ಹತ್ತು ದಿನದ ಮೇಲಷ್ಟೇ ಅದು ಸಿಂಧುವಾಗುತ್ತದೆ. ಶಾಲೆಯ ಕೊನೆಯ ವಾರಕ್ಕೆ ಮುಂದೂಡಬೇಡಿ.

ಪ್ರಶ್ನೆ: 30,000 ಎಂಎಎಚ್ ಪವರ್ ಬ್ಯಾಂಕ್ ವಿಮಾನದಲ್ಲಿ ಒಯ್ಯಬಹುದೇ?

30,000ವನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ: 111 ವ್ಯಾಟ್‌ಅವರ್. ನೂರರವರೆಗೆ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಎಷ್ಟೇ ಚಿಕ್ಕದಿರಲಿ, ಕೈಚೀಲದಲ್ಲೇ ಇರಬೇಕು. 20,000ದ್ದು 74 ವ್ಯಾಟ್‌ಅವರ್, ಅದನ್ನು ಒಯ್ಯಿರಿ.