ಪ್ರತಿಕ್ರಿಯೆ: ಅಚ್ಚಿನಲ್ಲೇ ಕುಸಿಯುವ ಸಿಎಲ್‌ಸಿ ಬ್ಲಾಕ್

ರಾಯಚೂರಿನಲ್ಲಿ ಸಂಜೆ ಅಚ್ಚಿಗೆ ತುಂಬಿದ ಸಿಎಲ್‌ಸಿ ಬ್ಲಾಕ್ (ಸಿಮೆಂಟ್, ಕಲ್ಲಿದ್ದಲಿನ ಹಾರುಬೂದಿ, ನೊರೆ ಕಲಸಿ ಮಾಡುವ ಹಗುರ ಬ್ಲಾಕ್) ಬೆಳಿಗ್ಗೆ ನೋಡಿದರೆ ಎರಡು ಬೆರಳು ಇಳಿದಿರುತ್ತದೆ ಅಂದಿರಿ. ಸಿಮೆಂಟ್ ಸೆಟ್ ಆಗುವ ಮೊದಲೇ ನೊರೆ ಒಡೆಯುತ್ತಿದೆ, ಬಹುತೇಕ ಇದೇ ಕಾರಣ. ಅದಕ್ಕೆಂದು ಸಿಮೆಂಟ್ ಹೆಚ್ಚಿಸಬೇಡಿ, ಖರ್ಚು ಏರುತ್ತದೆ ಅಷ್ಟೇ.

ಮೊದಲು ಬರೀ ನೊರೆಯನ್ನು ಬಕೆಟ್‌ಗೆ ತುಂಬಿ ಹತ್ತು ನಿಮಿಷ ಬಿಡಿ. ತಳದಲ್ಲಿ ನೀರು ನಿಂತು ನೊರೆ ಇಳಿದರೆ ನೊರೆ ಯಂತ್ರದ ಗಾಳಿ ಒತ್ತಡ, ನೊರೆ ಬರಿಸುವ ದ್ರಾವಣದ ಪ್ರಮಾಣ ನೋಡಿ. ನೀರು ಬಿಸಿಯಾಗದಂತೆ ಡ್ರಮ್ಮನ್ನು ನೆರಳಿಗೆ ಸರಿಸಿ. ಒಳ್ಳೆಯ ನೊರೆ ಶೇವಿಂಗ್ ಕ್ರೀಮಿನಂತೆ ಗಟ್ಟಿಯಾಗಿ ನಿಲ್ಲುತ್ತದೆ.

ನೊರೆ ನಿಂತರೆ ಅನುಮಾನ ಹಾರುಬೂದಿಯ ಮೇಲೆ. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಸುಡದೆ ಉಳಿದ ಇಂಗಾಲ ಹೆಚ್ಚಿದ್ದರೆ ಅದು ನೊರೆ ನಿಲ್ಲಲು ಬಿಡುವುದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ್ದೇ ಬೂದಿಯಾದರೂ ಪ್ರತಿ ಲೋಡ್ ಒಂದೇ ಥರ ಇರಲೇಬೇಕೆಂದಿಲ್ಲ. ಕಪ್ಪಗಿದ್ದರೆ ಬೇರೆ ಲೋಡಿನಲ್ಲಿ ಒಂದು ಅಚ್ಚು ಹಾಕಿ ಹೋಲಿಸಿ.

ಕಲಸುವಾಗ ಸಿಮೆಂಟ್, ಬೂದಿ, ನೀರು ಮೊದಲು. ಮಿಶ್ರಣ ತೀರಾ ಗಟ್ಟಿಯಿದ್ದರೆ ನೊರೆಯ ನೀರನ್ನೇ ಹೀರುತ್ತದೆ. ನೊರೆ ಕೊನೆಗೆ ಹಾಕಿ, ಬಿಳಿ ಗೆರೆ ಕಾಣದಾದ ಕೂಡಲೇ ಮಿಕ್ಸರ್ ನಿಲ್ಲಿಸಿ. ಒಂದು ಲೀಟರ್ ಡಬ್ಬಿಯಲ್ಲಿ ತೂಗಿ: 800 ಸಾಂದ್ರತೆಯ (ಘನ ಮೀಟರಿಗೆ 800 ಕೆ.ಜಿ.) ಬ್ಲಾಕ್‌ಗೆ ಹಸಿ ಮಿಶ್ರಣ 900 ಗ್ರಾಂ ಆಸುಪಾಸು ಬರಬೇಕು. ಸುರಿದ ಮೇಲೆ ವೈಬ್ರೇಟರ್ ಹಚ್ಚಬೇಡಿ, ಬಿಸಿಗಾಳಿ ತಾಗದಂತೆ ತಾಡಪಾಲು ಮುಚ್ಚಿ.