ರಕ್ತದಲ್ಲಿ ಯೀಸ್ಟ್: ವರದಿಯ ಹೆಸರು ಏಕೆ ಬದಲಾಯಿತು?

ಪ್ರಶ್ನೆ: ರಕ್ತದ ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿದ್ದ ನಮ್ಮ ತಂದೆಯವರಿಗೆ ಜ್ವರ ಇಳಿಯದ ಕಾರಣ, ದೇವಿಮನೆ ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ರಕ್ತದಲ್ಲಿ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಇದೆ, ಅದು ಕ್ಯಾಂಡಿಡಾ ಎಂಬ ಜಾತಿ ಇರಬಹುದು ಎಂದು ಕ್ಯಾಸ್ಪೊಫಂಗಿನ್ ಎಂಬ ಔಷಧ ಕೊಟ್ಟರು. ಮೂರು ದಿನಗಳ ಬಳಿಕ ಅದು ಟ್ರೈಕೊಸ್ಪೊರಾನ್ ಅಸಾಹಿ ಎಂಬ ಬೇರೆ ಯೀಸ್ಟ್ ಎಂದು ತಿಳಿಸಿ ವೊರಿಕೊನಜೋಲ್ ಆರಂಭಿಸಿದರು. ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಮೊದಲ ಪರೀಕ್ಷೆ ತಪ್ಪಾಗಿತ್ತೇ? ಮಳೆಗಾಲದಲ್ಲಿ ಬೂಷ್ಟು ಹಿಡಿದ ಅಡಿಕೆಯನ್ನು ಆರಿಸುತ್ತ ಕುಳಿತಿದ್ದರಿಂದ ಇದು ಬಂದಿರಬಹುದೇ?
– ಓದುಗರು, ಶಿರಸಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಮೊದಲ ಪರೀಕ್ಷೆ ತಪ್ಪಾಗಿರಲಿಲ್ಲ, ಅರ್ಧ ಮಾತ್ರ ಮುಗಿದಿತ್ತು. ಕಲ್ಚರ್ ಪರೀಕ್ಷೆಗೆ, ಅಂದರೆ ರಕ್ತದಲ್ಲಿರುವ ಜೀವಿಯನ್ನು ಬೆಳೆಸಿ ನೋಡಲು, ವಯಸ್ಕರಲ್ಲಿ ಪ್ರತಿ ಸೀಸೆಗೆ 8ರಿಂದ 10 ಮಿಲಿಲೀಟರ್ ರಕ್ತ ತೆಗೆದು ಯಂತ್ರದಲ್ಲಿ ಬೆಚ್ಚಗೆ ಇಡುತ್ತಾರೆ. ಒಳಗೆ ಜೀವಿ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟಾಗ ಯಂತ್ರ ಸೂಚನೆ ಕೊಡುತ್ತದೆ. ಆ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಗ್ರಾಂ ಬಣ್ಣ ಹಾಕಿ ನೋಡಿದಾಗ ಮೊಗ್ಗೊಡೆಯುವ ನೇರಳೆ ಕೋಶಗಳು ಕಂಡರೆ, ಪ್ರಯೋಗಾಲಯವು ‘ಯೀಸ್ಟ್’ ಎಂದು ಕೂಡಲೇ ಫೋನ್ ಮಾಡುತ್ತದೆ. ಆ ಹೊತ್ತಿಗೆ ಅದಕ್ಕಿಂತ ಹೆಚ್ಚು ಹೇಳುವುದು ಕಷ್ಟ. ರಕ್ತದ ಯೀಸ್ಟ್‌ಗಳಲ್ಲಿ ಹೆಚ್ಚಿನವು ಕ್ಯಾಂಡಿಡಾ ಆಗಿರುವುದರಿಂದಲೂ, ತಡಮಾಡಿದರೆ ಜೀವಕ್ಕೇ ಅಪಾಯವಿರುವುದರಿಂದಲೂ, ವೈದ್ಯರು ಕ್ಯಾಂಡಿಡಾಕ್ಕೆ ತಕ್ಕ ಔಷಧದಿಂದಲೇ ಆರಂಭಿಸುತ್ತಾರೆ.

ಸೀಸೆಯ ರಕ್ತವನ್ನು ಸಬೂರೋ ಅಗಾರ್ (ಶಿಲೀಂಧ್ರ ಬೆಳೆಸುವ ಪೋಷಕ ಪದಾರ್ಥ) ತಟ್ಟೆಯಲ್ಲಿ ಬೆಳೆಸಲು ಒಂದೆರಡು ದಿನ ಬೇಕು. ಟ್ರೈಕೊಸ್ಪೊರಾನ್ ಮೊಗ್ಗೊಡೆಯುವುದಷ್ಟೇ ಅಲ್ಲ, ಅದರ ಎಳೆಗಳು ತುಂಡುತುಂಡಾಗಿ ಮುರಿದು ಆಯತಾಕಾರದ ಕಣಗಳಾಗುತ್ತವೆ. ಅದು ಯೂರಿಯಾವನ್ನು ಒಡೆಯುವ ಕಿಣ್ವವನ್ನು ಹುಡುಕುವ ಯೂರಿಯೇಸ್ ಪರೀಕ್ಷೆಯಲ್ಲಿಯೂ ಧನಾತ್ಮಕವಾಗಿರುತ್ತದೆ. ಅನುಭವಿ ಕಣ್ಣಿಗೆ ಈ ಎರಡು ಸುಳಿವುಗಳೇ ಸಾಕಷ್ಟು ಹೇಳುತ್ತವೆ. ಖಚಿತ ಹೆಸರಿಗೆ ಈಗ ಮಾಲ್ಡಿ-ಟಾಫ್ ಎಂಬ ಯಂತ್ರವಿದೆ. ಅದು ಲೇಸರ್‌ನಿಂದ ಜೀವಿಯ ಪ್ರೋಟೀನುಗಳ ತೂಕದ ಗುರುತನ್ನು ತೆಗೆದು ತನ್ನ ಸಂಗ್ರಹದೊಂದಿಗೆ ಹೋಲಿಸಿ ಕೆಲವೇ ನಿಮಿಷಗಳಲ್ಲಿ ಹೆಸರು ಕೊಡುತ್ತದೆ. ಆದರೆ ಸಂಗ್ರಹದಲ್ಲಿ ಇಲ್ಲದ ಜೀವಿಯನ್ನು ಅದೂ ಗುರುತಿಸಲಾರದು. ಕ್ಯಾಂಡಿಡಾ ಆರಿಸ್ ಇದಕ್ಕೆ ಒಳ್ಳೆಯ ಉದಾಹರಣೆ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ತೆಗೆದು ವಿವರಿಸಲಾದ ಈ ಯೀಸ್ಟನ್ನು ಸಾಮಾನ್ಯ ಜೀವರಾಸಾಯನಿಕ ಯಂತ್ರಗಳು ಬಹುಕಾಲ ಕ್ಯಾಂಡಿಡಾ ಹಿಮುಲೋನಿ ಎಂದೇ ವರದಿ ಮಾಡುತ್ತಿದ್ದವು. ಅನುಮಾನ ಉಳಿದರೆ ಕೊನೆಗೆ ಜೀನಿನ ಅನುಕ್ರಮವನ್ನೇ ಓದಬೇಕಾಗುತ್ತದೆ.

ಹೆಸರಿಗಾಗಿ ಇಷ್ಟು ಪಡಿಪಾಟಲು ಏಕೆಂದರೆ ಔಷಧ ಅದರ ಮೇಲೆ ನಿಂತಿದೆ. ಕ್ಯಾಸ್ಪೊಫಂಗಿನ್ ಗುಂಪಿನ ಔಷಧಗಳು ಕ್ಯಾಂಡಿಡಾಕ್ಕೆ ಉತ್ತಮ. ಟ್ರೈಕೊಸ್ಪೊರಾನ್ ಅವಕ್ಕೆ ಜಗ್ಗುವುದಿಲ್ಲ, ಅದಕ್ಕೆ ವೊರಿಕೊನಜೋಲ್ ಸೂಕ್ತ. ತಟ್ಟೆಯಲ್ಲಿ ಹವಳದ ಬಣ್ಣಕ್ಕೆ ಬೆಳೆಯುವ ರೋಡೊಟೊರುಲಾ ಎಂಬ ಯೀಸ್ಟ್ ಇದ್ದರೆ ಫ್ಲುಕೊನಜೋಲ್ ಕೂಡ ಕೆಲಸ ಮಾಡದು, ಆಂಫೊಟೆರಿಸಿನ್ ಬಿ ಬೇಕು. ನಿಮ್ಮ ತಂದೆಯವರ ಔಷಧ ಬದಲಾದದ್ದು ಪ್ರಯೋಗಾಲಯ ತನ್ನ ಕೆಲಸ ಪೂರ್ತಿ ಮಾಡಿದ್ದಕ್ಕೆ ಸಾಕ್ಷಿ ಎಂದೇ ನಾನು ಭಾವಿಸುತ್ತೇನೆ.

ಇನ್ನೊಂದು ಮಾತು. ಮೂತ್ರದಲ್ಲಿ ಅಥವಾ ಕಫದಲ್ಲಿ ಯೀಸ್ಟ್ ಕಂಡರೆ ಅದು ಅಲ್ಲಿ ಸುಮ್ಮನೆ ವಾಸವಾಗಿರಬಹುದು. ರಕ್ತದ ಸೀಸೆಯಲ್ಲಿ ಕಂಡದ್ದನ್ನು ಮಾತ್ರ ಎಂದೂ ಕಡೆಗಣಿಸಬಾರದು. ಹಾಗೆಯೇ ಸೀಸೆಯಲ್ಲಿ ಏನೂ ಬೆಳೆಯಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ದೇಹದ ಒಳಗೆ ಕ್ಯಾಂಡಿಡಾ ಸೋಂಕು ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕಲ್ಚರ್ ಖಾಲಿಯಾಗಿಯೇ ಬರುತ್ತದೆ.

ಅಡಿಕೆಯ ವಿಷಯ: ಮನಸ್ಸಿನಿಂದ ತೆಗೆದುಹಾಕಿ. ಬೂಷ್ಟು ಬೇರೆ ಬಗೆಯ ಶಿಲೀಂಧ್ರ. ಅದರ ಧೂಳು ಇಂಥ ರೋಗಿಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದು ನಿಜ, ಆದ್ದರಿಂದ ಈ ವರ್ಷ ಆ ಕೆಲಸವನ್ನು ಬೇರೆಯವರು ಮಾಡಲಿ. ರಕ್ತದ ಯೀಸ್ಟ್ ಸಾಮಾನ್ಯವಾಗಿ ರೋಗಿಯ ಕರುಳು, ಚರ್ಮ ಅಥವಾ ರಕ್ತನಾಳಕ್ಕೆ ಹಾಕಿದ ನಳಿಕೆಯ ಮೂಲಕ, ಬಿಳಿರಕ್ತಕಣಗಳು ತೀರ ಕುಸಿದಾಗ ಒಳಸೇರುತ್ತದೆ. ಶಿರಸಿಗೆ ಮರಳುವಾಗ ಯೀಸ್ಟಿನ ಪೂರ್ಣ ಹೆಸರು, ಔಷಧ ಸಂವೇದನೆಯ (ಯಾವ ಔಷಧಕ್ಕೆ ಯೀಸ್ಟ್ ಜಗ್ಗುತ್ತದೆ ಎಂಬ) ವರದಿ ಮತ್ತು ಕಲ್ಚರ್ ಮೊದಲು ಖಾಲಿ ಬಂದ ದಿನಾಂಕ ಈ ಮೂರೂ ಡಿಸ್ಚಾರ್ಜ್ ಕಾಗದದಲ್ಲಿವೆಯೇ ಎಂದು ನೋಡಿಕೊಳ್ಳಿ. ಔಷಧ ಎಷ್ಟು ದಿನ ಮುಂದುವರಿಯಬೇಕೆಂದು ಊರಿನ ವೈದ್ಯರು ಅವುಗಳ ಆಧಾರದ ಮೇಲೆಯೇ ಲೆಕ್ಕಹಾಕುತ್ತಾರೆ.

ಪ್ರಶ್ನೆ: ಭೇದಿಗೆಂದು ಕೊಡುವ ಯೀಸ್ಟ್ ಪುಡಿಯ ಪೊಟ್ಟಣದಿಂದಲೂ ರಕ್ತಕ್ಕೆ ಸೋಂಕು ತಗಲುತ್ತದೆಯೇ?
– ಓದುಗರು, ಕುಮಟಾ

ಉತ್ತರ: ಆರೋಗ್ಯವಂತರಿಗೆ ಆ ಭಯ ಬೇಡ. ಆದರೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಇರುವ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದ ರೋಗಿಗಳ ರಕ್ತದಲ್ಲಿ ಅದೇ ಯೀಸ್ಟ್, ಅಂದರೆ ಸ್ಯಾಕರೊಮೈಸಿಸ್, ಕಾಣಿಸಿಕೊಂಡದ್ದು ಉಂಟು. ಅವರಿಗೆ ಅದನ್ನು ಕೊಡಬಾರದು. ಪಕ್ಕದ ಹಾಸಿಗೆಯವರಿಗಾಗಿ ಪೊಟ್ಟಣ ಒಡೆದ ಕೈಯಿಂದ ಅವರ ನಳಿಕೆಯನ್ನು ಮುಟ್ಟಲೂಬಾರದು. ರೋಗಿಗೆ ಈ ಪುಡಿ ಕೊಟ್ಟಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಪ್ರಯೋಗಾಲಯದವರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.