ಶೆಡ್ ಡ್ರಾಯಿಂಗ್‌ನಲ್ಲಿ 'ಎಂ20, 8.8, ಪಿಚ್ 60, ಎಡ್ಜ್ 40' ಅಂತ ಇದೆ, ಏನರ್ಥ?

ಎಂ20 ಅಂದರೆ 20 ಮಿ.ಮೀ. ದಪ್ಪದ ಬೋಲ್ಟ್. ತೂತು ಮಾತ್ರ 22.

8.8 ಬೋಲ್ಟಿನ ತಲೆ ಮೇಲೇ ಅಚ್ಚಾಗಿರುತ್ತದೆ. ಮೊದಲ 8: ಚದರ ಮಿ.ಮೀ.ಗೆ 800 ನ್ಯೂಟನ್ ಎಳೆತ ತಡೆಯುವ ಶಕ್ತಿ. ಚುಕ್ಕೆಯ ನಂತರದ್ದು: ಅದರ ಶೇ 80, ಅಂದರೆ 640 ದಾಟಿದರೆ ಹಿಗ್ಗಿದ ಬೋಲ್ಟ್ ಮೊದಲಿನಂತಾಗುವುದಿಲ್ಲ.

ಬಲದ ದಿಕ್ಕಿನಲ್ಲಿ ಬೋಲ್ಟಿನ ನಡುವಿನಿಂದ ನಡುವಿಗೆ ಇರುವ ಅಂತರ ಪಿಚ್, ಅಡ್ಡಸಾಲಿನದು ಗೇಜ್. ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 800 ಪ್ರಕಾರ ಪಿಚ್ ಕನಿಷ್ಠ ಬೋಲ್ಟಿನ ದಪ್ಪದ ಎರಡೂವರೆ ಪಟ್ಟು, ಇಲ್ಲಿ 50; ಡ್ರಾಯಿಂಗ್‌ನ 60 ಅದಕ್ಕಿಂತ ಹೆಚ್ಚೇ ಇದೆ. ಎಡ್ಜ್ ಅಂದರೆ ತೂತಿನ ನಡುವಿನಿಂದ ಪ್ಲೇಟಿನ ಅಂಚಿಗೆ. ಕೈಯಲ್ಲಿ ಗ್ಯಾಸ್ ಕಟರ್ ಹಿಡಿದು ಕೊಯ್ದ ಅಂಚಾದರೆ ತೂತಿನ 1.7 ಪಟ್ಟು ಬೇಕು, 37.4. ಅದಕ್ಕೇ 40 ಬರೆದಿದ್ದಾರೆ.

ಇನ್ನೊಂದು ನೋಡಿ: ಜೋಡಣೆ ಬೇರಿಂಗ್ ಬಗೆಯದೋ, ಫ್ರಿಕ್ಷನ್ ಗ್ರಿಪ್ ಬಗೆಯದೋ? ಬೇರಿಂಗ್‌ನಲ್ಲಿ ಬೋಲ್ಟು ತೂತಿನ ಗೋಡೆಗೆ ಒತ್ತಿ ಭಾರ ಹೊರುತ್ತದೆ; ಪಾನಾದಿಂದ ಚೆನ್ನಾಗಿ ಬಿಗಿದರೆ ಸಾಕು. ಫ್ರಿಕ್ಷನ್‌ನಲ್ಲಿ ಭಾರ ಹೊರುವುದು ಪ್ಲೇಟುಗಳ ನಡುವಿನ ತಿಕ್ಕಾಟ, ಬಿಗಿತಕ್ಕೆ ಲೆಕ್ಕವಿದೆ. ನಮ್ಮ ಬೆಳಗಾವಿ ಉದ್ಯಮಬಾಗ್ ಕಡೆ ಹುಡುಗರು ಕಂಡದ್ದಕ್ಕೆಲ್ಲ ರೆಡ್ ಆಕ್ಸೈಡ್ ಬಣ್ಣ ಬಳಿದುಬಿಡುತ್ತಾರೆ. ಫ್ರಿಕ್ಷನ್ ಜೋಡಣೆಯಾದರೆ ತಿಕ್ಕಾಟ ಕಡಿಮೆಯಾಗದಂತೆ ಪ್ಲೇಟುಗಳು ಕೂಡುವ ಮುಖಕ್ಕೆ ಬ್ರಷ್ ಮುಟ್ಟಿಸಬೇಡಿ ಅಂತ ಮೊದಲೇ ಹೇಳಿ.